ಹೊಸ ಕಾರ್ಡು ಕೊಟ್ಟ ಮುಖ

ಶಿಕಾರಿಪುರ

ಪ್ರೀತಿಯ ಶಾಹಿಸ್ತಾ ಆಪಾಗೆ ಆರಿಫ್‌ನ ಸಲಾಂ.

ತೀರಿಕೊಂಡ ಅಮ್ಮಿಯ ಫೋಟೊ ಯಾಕೆ ಕಳಿಸಿಲ್ಲ ಎಂದು ಸೊರಬದಿಂದ ದಿನಾ ಫೋನ್ ಮಾಡುತ್ತೀಯ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಕ್ಯಾಮೆರಾ ಕಂಡರೆ ಅಮ್ಮಿ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು. ಆಧಾರ್ ಕಾರ್ಡಿನ ಮಸಿ ಮೆತ್ತಿದಂಥ ಫೋಟೊ ಬಿಟ್ಟರೆ, ನಿನ್ನ ಮದುವೆಯ ವಿಡಿಯೊದಲ್ಲಿ ತಟ್ಟೆ ಹಿಡಿದು ಹಿಂದೆ ಹಾದುಹೋದದ್ದಷ್ಟೇ ಉಳಿದಿರುವುದು. ಮದುವೆ ವಿಡಿಯೊ ಮಾಡಿಯೇ ಅನ್ನ ತಿನ್ನುವವನ ಮನೆಯಲ್ಲಿ ಈ ಗತಿ.

ವಿಡಿಯೊದ ಆ ಮುಖವನ್ನು ಕಂಪ್ಯೂಟರಿನಲ್ಲಿ ಸ್ಪಷ್ಟ ಮಾಡಲು ಹೊರಟೆ. ಅದರೊಳಗೆ ಚಿತ್ರ ಮೂಡಿಸುವ, ನನ್ನ ಸ್ಟುಡಿಯೊದ ಹಳೆಯ ಗ್ರಾಫಿಕ್ಸ್ ಕಾರ್ಡು ಮಧ್ಯಾಹ್ನವೆಲ್ಲ ಕಾದು ಒದ್ದಾಡಿ, ಕೊನೆಗೆ ಮಂಜು ಮುಸುಕಿದ ಮುಖ ಕೊಟ್ಟಿತು. ಕಂಪ್ಯೂಟರ್ ಅಂಗಡಿಯ ಹರ್ಷವರ್ಧನ ಹಾಕಿ ನೋಡೆಂದು ಕೊಟ್ಟ ಹೊಸ ಕಾರ್ಡು ಚಹಾ ಆರುವುದರೊಳಗೆ ರೆಪ್ಪೆಯ ಕೂದಲನ್ನೂ ಬಿಡಿಸಿ ತೋರಿಸಿತು. ಎರಡಕ್ಕೂ ಹೋಲಿಕೆಯೇ ಇಲ್ಲ.

ಆದರೆ ಆಪಾ, ಅದು ಅಮ್ಮಿ ಅಲ್ಲ. ಗಲ್ಲದ ಮೇಲೆ ಎಣ್ಣೆ ಸಿಡಿದ ಕಲೆ ಇಲ್ಲ. ವಿಡಿಯೊದಲ್ಲಿ ಕಾಣದ್ದನ್ನೆಲ್ಲ ಕಂಪ್ಯೂಟರ್ ತಾನೇ ಊಹಿಸಿ ತುಂಬಿದೆ.

ಅಳಿಸುವ ಮೊದಲೇ ಅಬ್ಬಾ ನೋಡಿಬಿಟ್ಟರು. "ಇವ್ಳೇ ನೋಡಪ್ಪಾ ನಮ್ಮ ಖುರ್ಷೀದ್, ಹಿಂಗೇ ಇದ್ಲು," ಎಂದು ಅತ್ತರು. ಪ್ರಿಂಟ್ ಹಾಕಿಸಿ ಜೇಬಿನಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಾರೆ. ದಿನವೂ ಅದನ್ನೇ ನೋಡಿ ನೋಡಿ, ಆ ಕಲೆ ಎಡಗಲ್ಲದಲ್ಲಿತ್ತೋ ಬಲಗಲ್ಲದಲ್ಲಿತ್ತೋ ಈಗ ನನಗೂ ನೆನಪಾಗುತ್ತಿಲ್ಲ.

ಹಳೆಯ ಕಾರ್ಡಿನ ಮಂಜು ಫೋಟೊ ಈ ಕಾಗದದ ಜೊತೆಗಿದೆ. ಕಲೆ ಯಾವ ಕಡೆಗಿತ್ತೆಂದು ಬರೆದು ತಿಳಿಸು. ಈ ಸಲ ಹಬ್ಬಕ್ಕೆ ಬರಬೇಡ. ಬಂದರೆ ಅಬ್ಬಾ ಜೇಬಿನ ಆ ಫೋಟೊ ನಿನಗೂ ತೋರಿಸುತ್ತಾರೆ.

ನಿನ್ನ ತಮ್ಮ,
ಆರಿಫ್