ಎಳ್ಳು ಹಾಕಿದ ಹಪ್ಪಳ

ನೆಕ್ರಾಜೆ
೧೮-೫-೨೦೨೫

ಚಿ. ಸೌ. ಸೌದಾಮಿನಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಫೋನು ಬಂದಾಗಲೆಲ್ಲ ಎತ್ತದೆ ಇದ್ದೆನೆಂದು ಬೇಜಾರು ಮಾಡಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ "ಕುಕ್ಕರ್ ಕೂಗಿತಮ್ಮಾ" ಎಂದು ಇಟ್ಟುಬಿಡುತ್ತೀ. ಕಾಗದದ ಹತ್ತಿರ ಆ ಉಪಾಯ ನಡೆಯುವುದಿಲ್ಲ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ನಿಧಾನವಾಗಿ ಓದು. ಮೊಮ್ಮಗ ವಿಘ್ನೇಶ ಹೇಗಿದ್ದಾನೆ?

ಇಲ್ಲಿ ಜೆಸಿಬಿ ಗುಡ್ಡವನ್ನು ಇನ್ನೂ ಕೆರೆಯುತ್ತಲೇ ಇದೆ. ಮನೆಗಳ ಕಾಲನಿಯಂತೆ. "ಶುದ್ಧ ಗಾಳಿಯ ನೆಲೆ" ಎಂದು ದೊಡ್ಡ ಬೋರ್ಡು ಹಾಕಿದ್ದಾರೆ. ಕೆಂಪು ಧೂಳು ಕೂತು ಈಗ ಆ "ಶುದ್ಧ" ಓದಲಿಕ್ಕೇ ಆಗುವುದಿಲ್ಲ. ನೆರೆಮನೆ ಪ್ರೇಮಾವತಿಯ ಮೊಮ್ಮಗಳು ಅಮ್ಮುವಿನ ಎದೆ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ. ಬಾಯಿಗೆ ಎಳೆಯುವ ಮದ್ದು ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಾಳೆ.

ಈ ಧೂಳಿನ ಮೇಲೆ ನಾವು ಕೊಟ್ಟ ದೂರಿನ ವಿಚಾರಣೆಯ ದಿನ ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ. "ಧೂಳು ಎಲ್ಲಿ ಉಂಟು, ತೋರಿಸಿ" ಎಂದು ಬಿಲ್ಡರನ ಮನುಷ್ಯ ಕೇಳುತ್ತಾನೆಂದು ಗೊತ್ತಿತ್ತು. ಅದಕ್ಕೆ ದೂರು ಕೊಟ್ಟ ನಮ್ಮೂರ ಸಮಿತಿಯವರಿಗೆ ನಾನೇ ದಾರಿ ಹೇಳಿದ್ದು: ಅಂಗಳದಲ್ಲಿ ಒಣಗಿಸಿದ ಈ ವರ್ಷದ ಹಲಸಿನ ಹಪ್ಪಳವನ್ನು ಆಫೀಸರರಿಗೆ ತಿನ್ನಿಸೋಣ, ಹಲ್ಲಿಗೆ ಕರಕರ ಮಣ್ಣು ಸಿಕ್ಕಿದ ಮೇಲೆ ಬೇರೆ ಸಾಕ್ಷಿ ಯಾಕೆ? ನನಗೆ ಕೈನೋವೆಂದು ಬೆಳಿಗ್ಗೆ ನೀನೇ ಬಂದು, ಕರಿದು, ಡಬ್ಬಿ ತುಂಬಿಸಿ ಕೊಟ್ಟೆ. ಪುಣ್ಯ ಬರಲಿ.

ಆಫೀಸರರು ಒಂದು ಕಚ್ಚಿದರು. ನಾವೆಲ್ಲ ಅವರ ದವಡೆಯನ್ನೇ ನೋಡುತ್ತ ಕೂತೆವು. "ನಲ್ಲ ರುಚಿ, ಒಳ್ಳೇ ರುಚಿ! ಎಳ್ಳು ಹಾಕಿದ್ದೀರಿ ಅಲ್ಲವಾ ಅಜ್ಜೀ?" ಎಂದು ಇನ್ನೊಂದಕ್ಕೆ ಕೈ ಹಾಕಿದರು. ನಾನೂ ಒಂದು ಚೂರು ಬಾಯಿಗೆ ಹಾಕಿದೆ. ಒಂದು ಕಣ ಮಣ್ಣಿಲ್ಲ! ಬಿಲ್ಡರನ ಮನುಷ್ಯ "ಧೂಳಿಗೆ ಇಷ್ಟು ರುಚಿ ಉಂಟಾ? ನನಗೂ ಒಂದು ಕೊಡಿ ಮಾರಾಯ್ರೆ" ಎಂದ. ಸಭೆಗೆ ಸಭೆಯೇ ನಕ್ಕಿತು. ನಮ್ಮ ದೂರು ಆ ನಗೆಯಲ್ಲೇ ತೇಲಿಹೋಯಿತು.

ಯಾರೋ ಹಪ್ಪಳ ಬದಲಿಸಿದ್ದಾರೆ. ಮೊದಲ ಸಂಶಯ ಜನಾರ್ದನನ ಮೇಲೆ. ಸಮಿತಿಯ ಸೆಕ್ರೆಟರಿ ಅವನು, ಆದರೆ ಬಿಲ್ಡರನ ಕಾರಿನಿಂದ ಇಳಿದದ್ದನ್ನು ನಾನೇ ನೋಡಿದ್ದೇನೆ. "ಬಸ್ಸು ತಪ್ಪಿತು ಅಮ್ಮಾ" ಎನ್ನುತ್ತಾನೆ. ಬಸ್ಸು ತಪ್ಪಿದವರನ್ನೆಲ್ಲ ಆ ಕಾರು ಹತ್ತಿಸಿಕೊಳ್ಳುತ್ತದೆಯೇ? ಆಮೇಲೆ ನೆನಪಾಯಿತು, ರಿಕ್ಷಾದಲ್ಲಿ ಡಬ್ಬಿ ಇದ್ದದ್ದು ಪ್ರೇಮಾವತಿಯ ಮಡಿಲಲ್ಲಿ. ಅವಳ ಮಗ ಪ್ರವೀತನಿಗೆ ಆ ಕಾಲನಿಯಲ್ಲೇ ಟೈಲ್ಸ್ ಹಾಕುವ ಕೆಲಸ ಸಿಗುತ್ತದಂತೆ. ಸಭೆಯಿಂದ ಹೊರಗೆ ಬಂದದ್ದೇ ಎಲ್ಲರೆದುರು ಕೇಳಿಬಿಟ್ಟೆ: "ಎಂತ ಪ್ರೇಮಾ, ಮಗನ ಕೆಲಸಕ್ಕೆ ಮೊಮ್ಮಗಳ ಎದೆಯನ್ನು ಮಾರಿದೆಯಾ?"

"ದೇವರು ಮೆಚ್ಚುವ ಮಾತಾ ಅಕ್ಕಾ ಇದು?" ಅಷ್ಟೇ ಹೇಳಿದಳು. ರಿಕ್ಷಾ ಹತ್ತದೆ ನಡೆದುಕೊಂಡೇ ಮನೆಗೆ ಹೋದಳು. ಅವತ್ತಿನಿಂದ ಮಜ್ಜಿಗೆಗೆ ಬರುವುದಿಲ್ಲ.

ಅಳಿಯಂದಿರಿಗೆ ಆಶೀರ್ವಾದ ತಿಳಿಸು. ವಿಚಾರಣೆಯ ಬೆಳಿಗ್ಗೆ ನಿನ್ನನ್ನು ಬಿಡಲು ಬಂದಾಗ ಅವರು ಗುಡ್ಡ ನೋಡುತ್ತ "ಅತ್ತೇ, ಇಲ್ಲಿ ಸಂಜೆಯ ಗಾಳಿ ಯಾವ ಕಡೆಯಿಂದ?" ಎಂದು ಕೇಳಿದ್ದರು. ಗಡಿಬಿಡಿಯಲ್ಲಿ ಉತ್ತರ ಕೊಡಲಿಲ್ಲ. ಪಡುವಣದಿಂದ ಎಂದು ಹೇಳು. ಧೂಳನ್ನೂ ಹೊತ್ತುಕೊಂಡೇ ಬರುತ್ತದೆ ಎನ್ನು.

ದೇವರು ನಿಮ್ಮೆಲ್ಲರ ಉಸಿರನ್ನು ಹಸನಾಗಿಡಲಿ.

ಇತಿ,
ನಿನ್ನ ಅಮ್ಮ
ಅಮ್ಮಣ್ಣಿ

ಮತ್ತೊಂದು ಮಾತು. ಈ ವರ್ಷದ ಹಪ್ಪಳಕ್ಕೆ ನಾನು ಎಳ್ಳು ಹಾಕಲೇ ಇಲ್ಲ. ಸಿಟ್ಟಿನಲ್ಲಿ ಆಗ ತಲೆಗೆ ಹೋಗಲಿಲ್ಲ, ಮನೆಗೆ ಬಂದು ಈ ವರ್ಷದ ಹಪ್ಪಳದ ಡಬ್ಬ ತೆರೆದಾಗ ಹೋಯಿತು. ಎಳ್ಳಿನದ್ದು ಹೋದ ವರ್ಷದ್ದು, ಗುಡ್ಡ ಇನ್ನೂ ಗುಡ್ಡವಾಗಿಯೇ ಇದ್ದಾಗ ಒಣಗಿಸಿದ್ದು. ವಿಘ್ನೇಶನಿಗೆ ಇಷ್ಟವೆಂದು ಅಷ್ಟನ್ನೂ ನಿನಗೇ ಕಟ್ಟಿಕೊಟ್ಟಿದ್ದೆ. ನಾಳೆ ಪ್ರೇಮಾವತಿಯ ಮನೆಗೆ ಹೋಗಿ ತಪ್ಪಾಯಿತು ಎನ್ನುತ್ತೇನೆ. "ಮತ್ತೆ ಬದಲಿಸಿದ್ದು ಯಾರು ಅಕ್ಕಾ?" ಎಂದು ಅವಳು ಕೇಳಿದರೆ ಯಾರ ಹೆಸರು ಹೇಳಲಿ? ಅಳಿಯಂದಿರು ಗಾಳಿಯ ದಿಕ್ಕು ಕೇಳಿದ್ದು ಆ ಕಾಲನಿಯಲ್ಲಿ ಮನೆ ಬುಕ್ ಮಾಡಿದ್ದಕ್ಕೆ ಎಂದಾದರೆ ನೇರವಾಗಿ ಹೇಳು. ನನ್ನ ನಡುಕೋಣೆಗೆ ಯಾವತ್ತೂ ಬೀಗ ಹಾಕಿದವಳಲ್ಲ. ಅಮ್ಮನ ಹತ್ತಿರ ಬಂದಿರಲಿಕ್ಕೆ ಗುಡ್ಡ ಕಡಿಯಬೇಕಿತ್ತಾ ಮಗಳೇ?