ಇಬ್ಬರಿಗೂ ಒಂದೇ ಶಾಲೆ

ಹುಬ್ಬಳ್ಳಿ, ಕ್ರಿ.ಶ. 2168, ಎರಡನೇ ಬೇಸಿಗೆಯ ಹನ್ನೊಂದನೇ ದಿನ

ನನ್ನ ಅಜ್ಜಿಯ ಅಜ್ಜಿ ಶರ್ಮಿಳಾ ಅವರಿಗೆ ನೀಲಾಂಬಿಕೆಯ ಶರಣು.

ನೀವು ಕಾಣದ ವಸ್ತುಗಳ ಹೆಸರುಗಳು ಈ ಪತ್ರದಲ್ಲಿ ಬರುತ್ತವೆ, ಮನ್ನಿಸಿ. ಈಗ ವರ್ಷಕ್ಕೆ ಎರಡು ಬೇಸಿಗೆ; ಮಧ್ಯಾಹ್ನ ಬಾಗಿಲು ತೆರೆಯುವಂತಿಲ್ಲ, ಹಾಗಾಗಿ ಬರೆಯಲು ಹೊತ್ತಿದೆ. ನಾನು ಓದಿದ್ದು ಹತ್ತನೇ ಇಯತ್ತೆವರೆಗೆ, ಇದೇ ಊರಿನಲ್ಲಿ. ಹೊರದೇಶದ ಶಾಲೆಗೆ ಹೋಗುವ ನನ್ನ ಸರದಿ ಬಂದ ವರ್ಷ ಜ್ವರದ ಭಯಕ್ಕೆ ದೇಶಗಳ ಗಡಿಗಳು ಮುಚ್ಚಿದ್ದವು. ಅದರಿಂದಲೇ ಈ ಮನೆಯಲ್ಲಿ ಕನ್ನಡ ಬರೆಯಬಲ್ಲವಳು ನಾನೊಬ್ಬಳು ಉಳಿದೆ. ಇದನ್ನು ಸಂಕೋಚದಿಂದ ಹೇಳುತ್ತಿಲ್ಲ.

ನಿಮ್ಮ ಕಾಲದಲ್ಲಿ, ನಿಮ್ಮ ಊಟದ ಮೇಜಿನ ಮೇಲೆ ಈಗ ಎರಡು ಶಾಲೆಗಳ ಬಣ್ಣದ ಪುಸ್ತಿಕೆಗಳಿವೆ. ಮಗಳು ಇಂಚರಳಿಗೆ ಹಿಮದ ನಾಡಿನ ಫ್ರೆಂಚ್ ಶಾಲೆ, ಮಗ ಪ್ರಣವನಿಗೆ ಚೀನೀ ಭಾಷೆ ಕಲಿಸುವ ಕಡಲತೀರದ ಶಾಲೆ. ಒಬ್ಬೊಬ್ಬರ ಗುಣಕ್ಕೆ ಒಪ್ಪುವುದನ್ನೇ ಹುಡುಕಿದ್ದೀರಿ. ನೀವು ಯಜಮಾನರಿಗೆ ಹೇಳಿದ ಮಾತು ಈ ಮನೆಯಲ್ಲಿ ಇನ್ನೂ ಉಳಿದಿದೆ: "ಇಬ್ಬರನ್ನೂ ಒಂದ ಸಾಲಿಗೆ ಹಾಕಿದ್ರ ಬರೇ ಜಗಳಾ ರೀ. ಬ್ಯಾರೆ ಬ್ಯಾರೆ ಕಳಿಸಿದ್ರ ನಮಗೂ ಆರಾಮ, ಅವಕ್ಕೂ ಛಲೋ." ಆ ಮಾತೇ ಮನೆತನದ ಕಟ್ಟಳೆಯಾಯಿತು. ಏಳು ತುಂಬಿದ ಮಗು ಹೊರದೇಶಕ್ಕೆ ಹೋಗಬೇಕು. ಒಡಹುಟ್ಟಿದವರು ಒಂದೇ ಶಾಲೆಗೆ ಹೋಗಕೂಡದು.

ಈಗ ನಮ್ಮಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು; ಹಬ್ಬಕ್ಕೆ ಮನೆ ತುಂಬಿದಾಗ ಎಲ್ಲರ ಕೊರಳಲ್ಲೂ ನಡುನಾಲಿಗೆ ಇರುತ್ತದೆ. ಗುಂಡಿಯಷ್ಟು ದೊಡ್ಡ ಯಂತ್ರ. ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಗೆ ತಿರುಗಿಸುತ್ತದೆ. ಶಾಲೆಗಳೇ ಕೊಡುವ ಯಂತ್ರವಾದ್ದರಿಂದ ಅದಕ್ಕೆ ಮರ್ಯಾದೆ ಹೆಚ್ಚು. ಬೈಗುಳವನ್ನು ಒಗೆದು, ಇಸ್ತ್ರಿ ಮಾಡಿ ದಾಟಿಸುತ್ತದೆ. ಅವ್ವ ತೀರಿಕೊಂಡ ತಿಂಗಳು ತಂಗಿ ಚಿನ್ಮಯಿ ಬಂದಿದ್ದಳು. ರೊಟ್ಟಿ ಬಡಿಯಲು ಕುಳಿತವಳಿಗೆ, "ಅವ್ವನ ಕೈ ನಿನಗ ಬರಲಿಲ್ಲ ಬಿಡವಾ, ಇದು ರೊಟ್ಟಿ ಅಲ್ಲ, ಯಾವುದೋ ದೇಶದ ನಕಾಶಿ ಆಗೇತಿ" ಎಂದೆ. ಅವಳೂ ಒಂದು ತಿರುಗಿ ಅಂದಿದ್ದರೆ ಇಬ್ಬರೂ ಅತ್ತು ಹಗುರಾಗುತ್ತಿದ್ದೆವು. ಅವಳು ಯಂತ್ರ ಹೇಳಿದ್ದನ್ನು ಕೇಳಿ ತಲೆಬಾಗಿದಳು. "ತಮ್ಮ ಸಲಹೆಗೆ ಧನ್ಯವಾದಗಳು, ಅಕ್ಕನವರೇ" ಎಂದಿತು ನನ್ನ ಕೊರಳಿನ ಗುಂಡಿ.

ಮಗನ ಅವಳಿ ಹೆಣ್ಣುಮಕ್ಕಳು, ಋತಾ ಮತ್ತು ಇಳಾ, ಇದುವರೆಗೆ ನನ್ನ ಬಳಿಯೇ ಬೆಳೆದರು. ಸೋಮವಾರ ಒಬ್ಬಳು ಉತ್ತರಕ್ಕೆ, ಒಬ್ಬಳು ಪೂರ್ವಕ್ಕೆ. ಮನೆಯ ಹಿರಿಯಳಾದ ನಾನೇ ಅವರ ಕೊರಳಿಗೆ ನಡುನಾಲಿಗೆ ಕಟ್ಟಬೇಕು. ಇಬ್ಬರನ್ನೂ ಒಂದೇ ಕಡೆ ಕಳಿಸು ಎಂದು ಮಗನಿಗೆ ಹೇಳಿದೆ. ನನ್ನ ಮಾತು ಮೀರಿದವನಲ್ಲ. "ಮಾತೆಯವರೇ, ಇದು ನಮ್ಮ ಮನೆತನದ ಪದ್ಧತಿಯಾಗಿದೆ" ಎಂಬ ಉತ್ತರ ಗುಂಡಿಯಿಂದ ಬಂತು. ಅವನು ಸಿಟ್ಟಿನಿಂದ ಅಂದನೋ ದುಃಖದಿಂದ ಅಂದನೋ, ಹೆತ್ತವಳಾದ ನನಗೆ ತಿಳಿಯಲಿಲ್ಲ.

ಹೊರದೇಶಕ್ಕೆ ಕಳಿಸಬೇಡಿ ಎಂದು ನಾನು ಕೇಳುತ್ತಿಲ್ಲ. ಯಾವ ಊರಾದರೂ ಸರಿ, ಯಾವ ಭಾಷೆಯಾದರೂ ಸರಿ. ಆ ಎರಡರಲ್ಲಿ ಒಂದು ಪುಸ್ತಿಕೆಯನ್ನು ರದ್ದಿಗೆ ಹಾಕಿ, ಇಬ್ಬರನ್ನೂ ಇನ್ನೊಂದಕ್ಕೆ ಸೇರಿಸಿ. ಜಗಳ ಆಡಿದರೆ ಆಡಲಿ. ನಾನು ಯಾರನ್ನೂ ಬೇಡಿದವಳಲ್ಲ, ನಿಮ್ಮನ್ನು ಬೇಡುತ್ತೇನೆ.

ಪಡಸಾಲೆಯಲ್ಲಿ ಹುಡುಗಿಯರು ಜೋಕಾಲಿಗಾಗಿ ಕಿತ್ತಾಡುತ್ತಿದ್ದಾರೆ. "ಆಕಡೆ ಸರಿ, ನಿಮ್ಮಪ್ಪಂದೇನ ಇದು?" ಎನ್ನುತ್ತಾಳೆ ಋತಾ. "ನಿಮ್ಮಪ್ಪಂದೂ ಅಲ್ಲ" ಎನ್ನುತ್ತಾಳೆ ಇಳಾ. ಬಿಡಿಸಿ ಎಂದು ಸೊಸೆ ಬಾಗಿಲಿನಿಂದ ಸನ್ನೆ ಮಾಡುತ್ತಿದ್ದಾಳೆ. ನಾನು ಏಳುವುದಿಲ್ಲ.