ಜೋಳದ ಕಾಳಿನಷ್ಟು ಹರಳು

ಮರಂಗು
ಆಗಸ್ಟ್ ೧೭, ಶನಿವಾರ ಬೆಳಿಗ್ಗೆ

ಪ್ರೀತಿಯ ಸೊಸೆ ಅನೇತ್‌ಗೆ ಅತ್ತೆಯ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಆಸ್ಪತ್ರೆಯ ರೋಗಿಗಳಿಗೆಲ್ಲ ಔಷಧಿ ಕುಡಿಸಿ ನೀನು ಬರೀ ಚಹಾ ಕುಡಿದುಕೊಂಡು ಓಡಾಡುತ್ತೀಯೋ? ನೀನಿರುವ ಆ ಕಡಲತೀರದ ಲಿಂಡಿಯಲ್ಲಿ ವಿಪರೀತ ಸೆಕೆಯಂತೆ. ಇಲ್ಲಿ ಹಲ್ಲು ಕಟಕಟ ಎನ್ನುವ ಚಳಿ; ಮಂಜು ಬಾಳೆತೋಟದಿಂದ ಎದ್ದು ಸೀದಾ ಅಡುಗೆಮನೆಗೇ ಬರುತ್ತದೆ. ಹಸು ಕರು ಹಾಕಿದೆ. ನಿನ್ನ ಗಂಡ ಗುಂಡುಕಲ್ಲಿನಂತಿದ್ದಾನೆ. ನನ್ನ ಮಂಡಿನೋವು ಮಾತ್ರ ಹಾಗೇ ಇದೆ, ಅದನ್ನು ಕೇಳಲೇಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಹಿಡಿದರೆ ಸಾಕು, ನಿನ್ನ ಮಗ ಎಲಿನಾಮಿ ನನ್ನ ಕಿವಿಗೂ ಫೋನಿಗೂ ನಡುವೆ ತಲೆ ತೂರಿಸುತ್ತಾನೆ. ಅವನಿಗೆ ಕೇಳಿಸಬಾರದ ಸಂಗತಿ ಇದು, ಅದಕ್ಕೇ ಈ ಕಾಗದ.

ನೀನು ಬಸ್ಸಿನಲ್ಲಿ ಕಳಿಸಿದೆಯಲ್ಲ, ಹರಳು ಬೆಳೆಸುವ ವಿಜ್ಞಾನದ ಕಿಟ್, ಅದರ ಕಥೆ ಹೇಳುತ್ತೇನೆ ಕೇಳು. ಡಬ್ಬದ ಮೇಲೆ ಕನ್ನಡಕದ ಮಗುವೊಂದು ಕೋಳಿಮೊಟ್ಟೆಯಷ್ಟು ದೊಡ್ಡ ಹರಳು ಹಿಡಿದು ನಗುತ್ತಿದೆ. ಒಳಗೆ ನೋಡಿದರೆ ಒಂದು ಗಾಜಿನ ಜಾಡಿ, ಒಂದಿಷ್ಟು ದಾರ, ಒಂದು ಕಡ್ಡಿ, ಒಂದು ಪೊಟ್ಟಣ ಬಿಳಿ ಪುಡಿ. ನಾಲಿಗೆಗೆ ಮುಟ್ಟಿಸಿ ನೋಡಿದೆ. ಪಟಿಕ ಕಣೇ! ಕ್ಷೌರದವನು ಗಲ್ಲಕ್ಕೆ ಉಜ್ಜುವ ಪಟಿಕ! ಇದನ್ನು ಕೊಳ್ಳುವುದಕ್ಕೆ ನೀನು ಲಿಂಡಿಗೆ ಹೋಗಬೇಕಿತ್ತೇ? ಐಕಾಯೆಲಿ ನನ್ನ ಕೈಗೆ ಫಟ್ಟನೆ ಹೊಡೆದು, "ಅಜ್ಜೀ, ಬಾಯಿಗೆ ಹಾಕ್ಬಾರ್ದು ಅಂತ ಇಲ್ಲಿ ಬರ್ದಿದೆ, ಕಾಣ್ಸಲ್ವಾ?" ಎಂದು ಗದರಿದಳು. ಹತ್ತು ವರ್ಷದ ನಿನ್ನ ಮಗಳು ಈಗ ಮನೆಯ ದೊಡ್ಡ ವಿಜ್ಞಾನಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇಲ್ಲಿ ಮೊಮ್ಮಗಳ ಕಾಲ ಶುರುವಾಗಿದೆ.

ಅದಿರಲಿ. ಅವತ್ತು ಫೋನಿನಲ್ಲಿ ಎಲಿನಾಮಿ ನಿನ್ನನ್ನು ಯಾವಾಗ ಬರುತ್ತೀ ಎಂದು ಕೇಳಿದ್ದಕ್ಕೆ ನೀನು ಏನೆಂದೆ, ನೆನಪಿದೆಯೇ? "ಹರಳು ಮುಸುಕಿನ ಜೋಳದ ಕಾಳಿನಷ್ಟಾಗ್ಲಿ ಕಂದಾ, ಅಷ್ಟೊತ್ತಿಗೆ ಬಂದೇಬಿಡ್ತೀನಿ." ಆಡುವಾಗ ಆಡಿಬಿಟ್ಟೆ. ಆರು ವರ್ಷದ ಮಗುವಿಗೆ ಅಂಥ ಮಾತು ಕೊಡುತ್ತಾರೆಯೇ? ಅವನು ಫೋನ್ ಇಟ್ಟವನೇ ಅಟ್ಟ ಹತ್ತಿ, ದಪ್ಪ ತೆನೆಯೊಂದರಿಂದ ಕಾಳು ಬಿಡಿಸಿ ತಂದು ಜಾಡಿಯ ಪಕ್ಕದಲ್ಲಿಟ್ಟ. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲು ಅಳತೆ.

ಹರಳಿನ ಮೊದಲ ಫಸಲು ಏನಾಯಿತು ಎಂದು ನಿನ್ನ ಗಂಡ ಆಗಲೇ ಬಣ್ಣ ಕಟ್ಟಿ ಹೇಳಿರುತ್ತಾನೆ. ಅವನ ಮಾತು ನಂಬಬೇಡ. ಪಾದ್ರಿ ಕಿಮಾರೊ ಊಟಕ್ಕೆ ಬಂದಿದ್ದ ಭಾನುವಾರ ಅದು. ಬೀನ್ಸ್ ಎಷ್ಟು ಕುದಿಸಿದರೂ ಕಲ್ಲಿನ ಹಾಗೇ ಇತ್ತು. ಮೆತ್ತಗಾಗಲೆಂದು ಎಂದಿನಂತೆ ಎರಡು ಚೂರು ಮಗಾದಿ ಉಪ್ಪು ಹಾಕೋಣವೆಂದು ಗೂಡಿಗೆ ಕೈ ಹಾಕಿದೆ. ಬಸಿಯಲ್ಲಿ ಬಿಳಿ ಚೂರುಗಳಿದ್ದವು, ಹಾಕಿದೆ. ಮಗಾದಿ ಇಡುವ ಜಾಗದಲ್ಲಿ ಹರಳು ಒಣಗಿಸಲು ಇಟ್ಟವರದು ತಪ್ಪೋ, ನನ್ನದು ತಪ್ಪೋ, ನೀನೇ ಹೇಳು. ಪಾದ್ರಿಗಳು ಒಂದು ತುತ್ತು ಬಾಯಿಗಿಟ್ಟರು ನೋಡು, ತುಟಿ ಎರಡೂ ದಾರ ಎಳೆದ ಚೀಲದ ಬಾಯಿಯಂತೆ ಮುದುಡಿಕೊಂಡವು. ಪಾಪ, ಮರ್ಯಾದಸ್ಥರು, "ಚೆನ್ನಾಗಿದೆ ತಾಯೀ" ಎಂದು ನುಂಗಿದರು. ಅವರು ಅಷ್ಟು ಚಿಕ್ಕ ಪ್ರಾರ್ಥನೆ ಮಾಡಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ನಿನ್ನ ಗಂಡ ಹಿತ್ತಲಿಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎಲಿನಾಮಿ ನಗಲಿಲ್ಲ. ಪಾತ್ರೆಗೆ ಇಣುಕಿ ನೋಡಿ, "ಅಜ್ಜೀ, ಅಮ್ಮ ಬರೋದನ್ನೇ ಬೇಯಿಸಿಬಿಟ್ಯಲ್ಲಾ!" ಎಂದು ನೆಲದ ಮೇಲೆ ಬಿದ್ದು ಹೊರಳಾಡಿದ. ಅವತ್ತು ನಾನು ಊಟ ಮಾಡಲಿಲ್ಲ, ಪಟಿಕದ ದೆಸೆಯಿಂದಲ್ಲ.

ಪುಣ್ಯಕ್ಕೆ ಒಂದು ಹರಳು ಗೂಡಿನ ಕೆಳಗೆ ಬಿದ್ದು ಉಳಿದುಕೊಂಡಿತ್ತು, ಸಾಸಿವೆಗಿಂತ ಸ್ವಲ್ಪ ದಪ್ಪ. ಐಕಾಯೆಲಿ ಅದಕ್ಕೆ ದಾರ ಕಟ್ಟಿ, ಮಿಕ್ಕ ಪುಡಿ ಕದಡಿದ ನೀರಿನ ಜಾಡಿಯಲ್ಲಿ ಇಳಿಬಿಟ್ಟು, ನಿನ್ನ ಕೋಣೆಯ ಬೀರುವಿನ ಮೇಲಿಟ್ಟಳು. ಅಲ್ಲಿ ಅಲುಗಾಡಿಸುವವರಿಲ್ಲ. ಹರಳು ಬೆಳೆಯಿತು ನೋಡು! ಈ ಚಳಿ ಅದಕ್ಕೆ ಅಮೃತವಂತೆ. ಎಲಿನಾಮಿ ಶಾಲೆಯಲ್ಲಿ, ಚರ್ಚಿನಲ್ಲಿ, ಹಾಲಿನ ಡೈರಿಯಲ್ಲಿ ನೀನು ಬರುವ ಸುದ್ದಿ ಸಾರಿಕೊಂಡು ಬಂದ. ಅಷ್ಟರಲ್ಲೇ ನಿನ್ನ ಫೋನ್, ರಜೆ ಮತ್ತೆ ಮುಂದಕ್ಕೆ ಹೋಯಿತು ಎಂದು. ನಿನ್ನನ್ನು ದೂರುತ್ತಿಲ್ಲ ಮಗಳೇ. ದುಡಿಯುವವಳ ಕಷ್ಟ ನನಗೆ ಗೊತ್ತಿಲ್ಲವೇ? ಆದರೆ ರಜೆ ಸಿಕ್ಕಿಲ್ಲವೆಂದು ಹರಳಿಗೆ ಹೇಳುವವರು ಯಾರು? ಅದು ಇನ್ನೇನು ಕಾಳಿಗೆ ಸಮ ಬರುವುದರಲ್ಲಿತ್ತು.

ನಾನೇನು ಮಾಡಲಿ? ಮಕ್ಕಳು ಶಾಲೆಗೆ ಹೋದ ಮೇಲೆ ಹರಳನ್ನು ಎತ್ತಿ ಒಂದು ಲೋಟ ಬಿಸಿನೀರಿನಲ್ಲಿ ಅದ್ದಿದೆ. ಅಂಚೆಲ್ಲ ಕರಗಿತು. ಮತ್ತೆ ಬೆಳೆಯಿತು, ಮತ್ತೆ ಅದ್ದಿದೆ. ಮಾತು ಕೊಟ್ಟವಳು ನೀನು, ಈ ಮಂಡಿ ಇಟ್ಟುಕೊಂಡು ಸ್ಟೂಲು ಹತ್ತುವವಳು ನಾನು! ಒಂದು ಬೆಳಿಗ್ಗೆ ಎಲಿನಾಮಿ ಅಳತೆ ಮಾಡಿ, "ಹರಳಿಗೂ ರಜ ಸಿಕ್ತಿಲ್ವಾ ಅಜ್ಜೀ?" ಎಂದ.

ಇದರಲ್ಲೊಂದು ವಿಚಿತ್ರವೂ ಇತ್ತು. ನಾನು ಮುಟ್ಟದ ದಿನವೂ ಹರಳು ಸವೆಯುತ್ತಿತ್ತು. ಹಲ್ಲಿ ನೆಕ್ಕುತ್ತಿದೆಯೇನೋ ಎಂದುಕೊಂಡೆ. ನಿನ್ನ ಗಂಡನ ಮೇಲೂ ಅನುಮಾನಪಟ್ಟೆ. ಮೊನ್ನೆ ಸಂಜೆ ಡೈರಿಗೆ ಹಾಲು ಹಾಕಿ ಬೇಗ ಬಂದು ನೋಡುತ್ತೇನೆ, ನಿನ್ನ ಮಗಳು ಸ್ಟೂಲಿನ ಮೇಲೆ ನಿಂತಿದ್ದಾಳೆ. ನನ್ನದೇ ಲೋಟ, ನನ್ನದೇ ಬಿಸಿನೀರು! ಇಬ್ಬರೂ ಕಳ್ಳರು ಮುಖ ಮುಖ ನೋಡಿಕೊಂಡೆವು. "ಅಮ್ಮ ಸುಳ್ಳು ಹೇಳ್ದಂಗಾಗುತ್ತಲ್ಲ ಅಜ್ಜೀ, ಅದಕ್ಕೆ," ಎಂದಳು. ಅವಳನ್ನು ಅಪ್ಪಿಕೊಂಡು ನಕ್ಕೆ, ನಗುತ್ತ ನಗುತ್ತ ಸ್ವಲ್ಪ ಅತ್ತೆ. ಈಗ ಸಂತೆಯ ದಿನ ಅವಳ ಪಾಳಿ, ಮಿಕ್ಕ ದಿನ ನನ್ನದು. ಆದ್ದರಿಂದ ನೀನು ಗಾಬರಿ ಮಾಡಿಕೊಳ್ಳದೆ ನಿಧಾನವಾಗಿ ರಜೆ ಕೇಳಿಕೊ. ಇಲ್ಲಿ ಬಿಸಿನೀರಿಗೇನೂ ಬರವಿಲ್ಲ.

ನಿನ್ನ ವಾರ್ಡಿನ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ದೇವರು ನಿನ್ನ ಕೈಗೆ ಬಲ ಕೊಡಲಿ, ಹೊಟ್ಟೆಗೆ ಹೊತ್ತುಹೊತ್ತಿಗೆ ಅನ್ನ ಕೊಡಲಿ.

ನಿನ್ನ ಅತ್ತೆ,
ಅನಾಸಿಯಾ

ಮರೆಯುವ ಮುನ್ನ: ಕಾಗದ ಮಡಿಸುವಷ್ಟರಲ್ಲಿ ಎಲಿನಾಮಿ "ಸಮ ಆಯ್ತು! ಸಮ ಆಯ್ತು!" ಎಂದು ಕೂಗುತ್ತ ಬಂದ. ಹೋಗಿ ನೋಡಿದರೆ ಹರಳು ನಿನ್ನೆ ಎಷ್ಟಿತ್ತೋ ಅಷ್ಟೇ ಇದೆ, ಕಾಳು ಬೇರೆಯದು. ತೆನೆಯ ತುದಿಯಲ್ಲಿ ಕೋಳಿಯೂ ಮೂಸದಂಥ ಪುಟ್ಟ ಕಾಳಿರುತ್ತದಲ್ಲ, ಅದನ್ನು ಹುಡುಕಿ ತಂದಿಟ್ಟಿದ್ದಾನೆ. "ಇದೂ ಜೋಳದ ಕಾಳೇ ಅಲ್ವಾ ಅಜ್ಜೀ?" ಎಂದು ಕೇಳಿದ. ಹೌದು ಕಂದಾ ಎಂದುಬಿಟ್ಟೆ. ಚರ್ಚಿಗೆ ಹಾಕುವ ಅಂಗಿ ತೊಟ್ಟು ಬಸ್ ನಿಲ್ದಾಣಕ್ಕೆ ಹೊರಟು ನಿಂತಿದ್ದಾನೆ. ಐಕಾಯೆಲಿ ತುಟಿ ಕಚ್ಚಿಕೊಂಡು ಅವನ ಶೂ ಕಟ್ಟುತ್ತಿದ್ದಾಳೆ. ಈ ಕಾಗದವನ್ನು ಅವನ ಕೈಯಿಂದಲೇ ಕಂಡಕ್ಟರಿಗೆ ಕೊಡಿಸುತ್ತೇನೆ. ಮೇಲೆ ಬರೆದ ಬಿಸಿನೀರಿನ ಮಾತು ಬಿಡು. ನಿನ್ನ ಮೇಲಿನವರಿಗೆ ಅತ್ತೆ ಹಾಸಿಗೆ ಹಿಡಿದಿದ್ದಾಳೆ ಎಂದು ಹೇಳು, ಮಂಡಿನೋವಂತೂ ನಿಜವೇ. ಉತ್ತರ ಬರೆಯಬೇಡ, ಬಸ್ಸು ಹತ್ತಿ ಬಾ.